ಬಿಟ್ಟಿ ಲೇಥ್‌ಗಿಂತ ಮೊದಲು ಗೇಜ್ ಬಾರ್

"ಕಾಕಾ, ಭೋಸರಿಯೊಳಗ ಒಂದು ಹಳೇ ಲೇಥ್ ಬಿಟ್ಟಿ ಸಿಗಾಕತ್ತೈತ್ರಿ. ತಗೊಂಡ್ ಬಿಡೂಣೇನ್ರಿ?"

ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳ ಮೆಂಟೆನೆನ್ಸ್ ವಿಭಾಗದಲ್ಲೇ ಜೀವಮಾನ ಕಳೆದ ನನಗೆ ನಿವೃತ್ತಿಯಾದ ಮೇಲೆ ಬರುವ ಫೋನುಗಳಲ್ಲಿ ಇಂಥವೇ ಹೆಚ್ಚು. ಲೇಥ್ ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ತುರಿದು ಆಕಾರ ಕೊಡುವ ಯಂತ್ರ. ಕೇಳುವವರು ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬಂದು ಐಟಿಯಲ್ಲೋ ಆಟೊಮೊಬೈಲ್ ಕಂಪನಿಯಲ್ಲೋ ಇರುವ ಹುಡುಗರು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಶನಿವಾರ-ಭಾನುವಾರ ಬಂತೆಂದರೆ ಮುಚ್ಚಿಹೋದ ಕಬ್ಬಿನ ಟ್ರಾಮ್ ಹಳಿಯ ತುಂಡೊಂದನ್ನು, ಅದರ ಮೇಲಿನ ಪುಟ್ಟ ಡೀಸೆಲ್ ಎಂಜಿನನ್ನು, ನಾಲ್ಕಾರು ಟ್ರಾಲಿಗಳನ್ನು ಮತ್ತೆ ಓಡಿಸುತ್ತೇವೆಂದು ಹೊರಡುವವರು. ನನ್ನ ಉತ್ತರ ಹೆಚ್ಚಾಗಿ "ಬ್ಯಾಡಪ್ಪಾ" ಅಂತಲೇ. ಬೇಸರ ಮಾಡಿಕೊಳ್ಳುತ್ತಾರೆ. ಕಾರಣ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಸ್ವಯಂಸೇವಕರ ರೈಲಿಗೆ ದುಡ್ಡಿನ ಕೊರತೆ ಇದ್ದೇ ಇರುತ್ತದೆ, ನಿಜ. ಆದರೆ ಅದಕ್ಕಿಂತ ಕೊರತೆ ಸೂರಿನದು, ತ್ರೀ-ಫೇಸ್ ಕರೆಂಟಿನದು, ಯಂತ್ರ ಬಲ್ಲ ಕೈಗಳದು. ಬಿಟ್ಟಿಯಾಗಿ ಬಂದ ಯಂತ್ರ ಈ ಮೂರನ್ನೂ ಕೇಳುತ್ತದೆ. ಹಳಿಯ ಕೆಲಸಕ್ಕೆ ಮೊದಲ ವರ್ಷ ನಿಜವಾಗಿ ಬೇಕಾಗುವ ಸಾಮಾನು ಒಂದು ಟೆಂಪೊದಲ್ಲಿ ಹಿಡಿಯುತ್ತದೆ. ಹಾರೆ, ಸಲಿಕೆ, ಜಲ್ಲಿ ತುಂಬುವ ಪಂಜ, ಹಳಿ ಹೊರುವ ಸ್ಲೀಪರಿನ ಅಡಿಗೆ ಜಲ್ಲಿ ಬಡಿಯುವ ಬೀಟರ್, ಘನ, ಹಳಿ ಎತ್ತುವ ಇಕ್ಕಳ, ಹಳಿಯ ತುಂಡುಗಳನ್ನು ಜೋಡಿಸುವ ಫಿಶ್‌ಬೋಲ್ಟ್ ಬಿಗಿಯುವ ಪಾನಾ, ಎರಡು ಜಾಕಿ. ಇವಿಷ್ಟೂ ಗ್ಯಾಂಗಿನವರ ಸಾಮಾನು. ಇವುಗಳಿಗಿಂತ ಮೊದಲು ಬೇಕಾದದ್ದು ಗೇಜ್ ಬಾರ್, ಎರಡು ಹಳಿಗಳ ಒಳಮೈ ನಡುವಿನ ಅಂತರ, ಅಂದರೆ ಗೇಜು, ಅಳೆಯುವ ಸರಳು.

ನಮ್ಮವರು ಸಲೀಸಾಗಿ "ಎರಡಡಿ ಲೈನ್" ಅನ್ನುತ್ತಾರೆ. ಎರಡಡಿ ಅಂದರೆ 610 ಮಿಲಿಮೀಟರ್. ಆದರೆ ಜರ್ಮನ್ ಕಂಪನಿಗಳು ತೋಟ, ಗಣಿ, ಕಾರ್ಖಾನೆಗಳಿಗೆಂದು ಮಾರಿದ ಹಗುರ ಹಳಿಗಳಲ್ಲಿ ಬಹಳಷ್ಟು 600 ಮಿಲಿಮೀಟರಿನವು. ಬಾರ್ಶಿ ಲೈಟ್ ರೈಲ್ವೆ 1897ರಲ್ಲಿ ಶುರುವಾದದ್ದು ಎರಡೂವರೆ ಅಡಿಯಲ್ಲಿ, ಅಂದರೆ 762. ಎರಡೂವರೆ ಅಡಿಯದನ್ನು ಕಣ್ಣೇ ಗುರುತಿಸುತ್ತದೆ. 600 ಮತ್ತು 610ರ ನಡುವಿನ ಹತ್ತು ಮಿಲಿಮೀಟರನ್ನು ಯಾರ ಕಣ್ಣೂ ಗುರುತಿಸುವುದಿಲ್ಲ, ಗಾಲಿ ಗುರುತಿಸುತ್ತದೆ. ಗುಜರಿಯಲ್ಲಿ ಚೆಂದದ ಟ್ರಾಲಿ ಸಿಕ್ಕಿತೆಂದು ಹೊತ್ತು ತರುವ ಮೊದಲು ಎರಡು ಗಾಲಿಗಳ ಒಳಮೈ ನಡುವಿನ ಅಂತರ, ಗಾಲಿ ಹಳಿಯಿಂದ ಜಾರದಂತೆ ತಡೆಯುವ ಅಂಚಿನ, ಅಂದರೆ ಫ್ಲ್ಯಾಂಜಿನ ದಪ್ಪ, ಹಳಿಯ ಮೇಲೆ ಉರುಳುವ ಗಾಲಿಪಟ್ಟಿಯ ಅಗಲ, ಈ ಮೂರನ್ನೂ ಅಳೆದು ಬರೆದುಕೊಳ್ಳಿ. ನಿಮ್ಮ ಹಳಿಯನ್ನೂ ಅಳೆಯಿರಿ. ಒಂದೇ ಕಡೆ ಅಳೆದರೆ ಸಾಲದು, ಉದ್ದಕ್ಕೂ, ತಿರುವಿನಲ್ಲಂತೂ ಹೆಜ್ಜೆಹೆಜ್ಜೆಗೂ ಅಳೆಯಬೇಕು.

ಇದು ನನ್ನ ಅತಿ ಎಚ್ಚರವಲ್ಲ. ಸ್ವಯಂಸೇವಕರು ನಡೆಸುವ ರೈಲಿನ ಪರಂಪರೆ ಶುರುವಾದದ್ದೇ ವೇಲ್ಸ್‌ನ ಟಾಲಿಲಿನ್ ರೈಲ್ವೆಯಿಂದ. 1950ರಲ್ಲಿ ಸಂಘ ಕಟ್ಟಿ, 1951ರಲ್ಲಿ ಗಾಡಿ ಓಡಿಸಿದರು. ಅದರ ಗೇಜು ಎರಡಡಿ ಮೂರಂಗುಲ, ಅಪರೂಪದ್ದು. ಪಕ್ಕದ ಕಾರಿಸ್ ರೈಲ್ವೆ 1948ರಲ್ಲಿ ಮುಚ್ಚಿತ್ತು, ಅದರದ್ದೂ ಅದೇ ಗೇಜು. ಅಲ್ಲಿನ ಎರಡು ಉಗಿ ಎಂಜಿನ್‌ಗಳನ್ನು ಕೊಂಡು ತಂದರು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಖರೀದಿ ಇರಲಾರದು. ಆದರೆ ಟಾಲಿಲಿನ್‌ನವರ ಹಳಿ ಹೆಸರಿಗೆ ಇದ್ದ ಅಳತೆಗಿಂತ ತುಸು ಅಗಲವಾಗಿತ್ತು, ಕಾರಿಸ್ ಎಂಜಿನ್‌ಗಳ ಗಾಲಿಪಟ್ಟಿ ಕಿರಿದು. ಎಂಜಿನ್ ಹಳಿಗಳ ನಡುವೆ ಇಳಿದು ಕೂರತೊಡಗಿತು. 1953ರಲ್ಲಿ ಅವರಿಗೆ ದಾನವಾಗಿ ಬಂದ ಇನ್ನೊಂದು ಎಂಜಿನ್ ಎರಡಡಿ ಗೇಜಿಗೆ ಕಟ್ಟಿದ್ದು. ಅದನ್ನು ಓಡಿಸಲು ಎಂಜಿನ್ನಿನ ಗೇಜನ್ನೇ ಬದಲಿಸಬೇಕಾಯಿತು. ದಾನ ಸಿಕ್ಕ ಮೇಲೂ ಖರ್ಚು ಬಾಕಿ ಇತ್ತೆಂದು ಹೇಳಲಿಕ್ಕೆ ಇದನ್ನು ಬರೆದೆ.

ಗೇಜ್ ಬಾರ್ ಆದ ಮೇಲೆ ದಪ್ಪ ಅಳೆಯುವ ವರ್ನಿಯರ್, ಬೋಲ್ಟಿನ ಆಟೆ (ಸುತ್ತುಗೆರೆ) ಅಳೆಯುವ ಪಿಚ್ ಗೇಜ್. ಇಲ್ಲಿ ಹೊಸಬರಿಗೆ ಗೊತ್ತಿರದ ಒಂದು ಲೋಕವೇ ಇದೆ. ಹಳೇ ರೈಲಿನ ಬೋಲ್ಟುಗಳು ಮೆಟ್ರಿಕ್ ಅಲ್ಲ, ವಿಟ್‌ವರ್ತ್. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಸೂಚಿಸಿದ ಆಟೆ, ಅದರ ಕೋನ 55 ಡಿಗ್ರಿ. ಈಗಿನ ಮೆಟ್ರಿಕ್ ಮತ್ತು ಅಮೆರಿಕನ್ ಆಟೆಗಳದ್ದು 60. ಪೇಚು ಎಲ್ಲಿದೆಯೆಂದರೆ, ಮುಕ್ಕಾಲು ಅಂಗುಲದ ವಿಟ್‌ವರ್ತ್‌ಗೂ ಅಮೆರಿಕನ್ ಆಟೆಯಾದ ಯುಎನ್‌ಸಿಗೂ ಅಂಗುಲಕ್ಕೆ ಹತ್ತೇ ಆಟೆ, 5/8 ಅಂಗುಲದ ಬೋಲ್ಟಿಗೆ ಎರಡರಲ್ಲೂ ಹನ್ನೊಂದು. ಹೀಗಾಗಿ ತಪ್ಪು ನಟ್ಟು ಕೈಯಲ್ಲೇ ಏರುತ್ತದೆ, ಕೂತಂತೆಯೂ ಕಾಣುತ್ತದೆ. ಕೋನ ಬೇರೆಯಾದ್ದರಿಂದ ಹಿಡಿತ ಮಾತ್ರ ಪೂರ್ತಿ ಇರುವುದಿಲ್ಲ. ಬ್ರೇಕಿನ ಸರಳಿಗೆ ಇಂಥ ನಟ್ಟು ಹಾಕಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಅರ್ಧ ಅಂಗುಲದ್ದು ಮಾತ್ರ ಪ್ರಾಮಾಣಿಕ: ವಿಟ್‌ವರ್ತ್ 12, ಯುಎನ್‌ಸಿ 13, ಎರಡು ಸುತ್ತಿಗೇ ಬಿಗಿದು ನಿಲ್ಲುತ್ತದೆ.

ಪಾನಾದ್ದೂ ಇದೇ ಕತೆ. ವಿಟ್‌ವರ್ತ್ ಪಾನಾದ ಮೇಲೆ ಬರೆದಿರುವುದು ಬೋಲ್ಟಿನ ವ್ಯಾಸ, ನಟ್ಟಿನ ಅಗಲವಲ್ಲ. ಹಳೇ ಅಳತೆಯ ಅರ್ಧ ಅಂಗುಲದ ವಿಟ್‌ವರ್ತ್ ನಟ್ಟಿನ ಅಗಲ 0.920 ಅಂಗುಲ, 23.4 ಮಿಲಿಮೀಟರ್ ಹತ್ತಿರ. 23ರ ಪಾನಾ ಒಳಗೆ ಹೋಗದು, 24ರದ್ದು ಮೂಲೆ ಸವೆಸಿ ನಟ್ಟನ್ನು ದುಂಡಗೆ ಮಾಡುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಕಬ್ಬಿಣ ಉಳಿಸಲು ಬ್ರಿಟನ್ನಿನವರು ನಟ್ಟಿನ ತಲೆಯನ್ನು ಒಂದು ಸೈಜು ಕಿರಿದು ಮಾಡಿದರು, ಹಾಗಾಗಿ ಒಂದೇ ಬೋಲ್ಟಿಗೆ ಎರಡು ಕಾಲದ ಎರಡು ಪಾನಾ. ಎಂಜಿನ್ ಜರ್ಮನಿಯದಾದರೆ ಮೆಟ್ರಿಕ್ ಇದ್ದೀತೆಂದು ನಂಬಬೇಡಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನ್ ಕಾರ್ಖಾನೆಗಳಲ್ಲೂ ವಿಟ್‌ವರ್ತ್ ಧಾರಾಳವಾಗಿ ನಡೆಯುತ್ತಿತ್ತು, ಮಾಥೆರಾನ್ ಬೆಟ್ಟದ ರೈಲಿನ ಮೊದಲ ಎಂಜಿನ್‌ಗಳನ್ನು ಕಟ್ಟಿದ ಓರೆನ್‌ಸ್ಟೈನ್ ಕೊಪ್ಪೆಲ್ ಕಂಪನಿ ಕೂಡ ಆ ಕಾಲದ್ದೇ. ಊಹೆ ಬೇಡ, ಪಿಚ್ ಗೇಜ್ ಇಟ್ಟು ನೋಡಿ.

ಈಗ ಲೇಥ್‌ಗೆ ಬರೋಣ. ನಾನು ಅಪ್ರೆಂಟಿಸ್ ಆಗಿ ಕೈ ಪಳಗಿಸಿದ್ದು ಹರಿಹರದಲ್ಲಿ, ಹಾಗಾಗಿ ಮೈಸೂರು ಕಿರ್ಲೋಸ್ಕರ್ ಲೇಥ್ ಕಂಡರೆ ನನಗೆ ಈಗಲೂ ಊರಿನವರು ಸಿಕ್ಕಷ್ಟು ಖುಷಿ. 1941ರಲ್ಲಿ ಶುರುವಾದ ಆ ಕಾರ್ಖಾನೆ ಈಗಿಲ್ಲ, ಲೇಥ್‌ಗಳು ಮಾತ್ರ ಭೋಸರಿ, ಚಿಂಚವಾಡದ ಶೆಡ್ಡುಗಳಲ್ಲಿ ಇನ್ನೂ ದುಡಿಯುತ್ತಿವೆ. ಬೆಂಗಳೂರಿನ ಎಚ್‌ಎಂಟಿಯವೂ ಇವೆ. ಎರಡೂ ಒಳ್ಳೆಯ ಯಂತ್ರಗಳೇ. ಆದರೂ ಬೇಡ ಅನ್ನುತ್ತೇನೆ.

ಹುಡುಗರಿಗೆ ಲೇಥ್ ಬೇಕಾಗಿರುವುದು ಸವೆದ ಗಾಲಿ ತುರಿಯಲಿಕ್ಕೆ. ಸೆಂಟರ್ ಎತ್ತರ (ಹಾಸಿನಿಂದ ತಿರುಗುವ ಅಕ್ಷದವರೆಗಿನ ಎತ್ತರ) 220 ಮಿಲಿಮೀಟರ್ ಇರುವ ಲೇಥಿನ ಹಾಸಿನ ಮೇಲೆ 440ಕ್ಕಿಂತ ದೊಡ್ಡ ಗಾಲಿ ತಿರುಗುವುದೇ ಇಲ್ಲ. ಹಾಸಿನಲ್ಲಿ ತಗ್ಗು ಬಿಟ್ಟ ಗ್ಯಾಪ್ ಬೆಡ್ ಇದ್ದರೆ ಇನ್ನಷ್ಟು ದೊಡ್ಡದು ಹಿಡಿದೀತು, ಆದರೆ ಅಚ್ಚಿಗೆ ಒತ್ತಿ ಕೂರಿಸಿದ ಜೋಡಿ ಗಾಲಿಯಲ್ಲಿ ಒಂದು ಗ್ಯಾಪಿನಲ್ಲಿದ್ದರೆ ಇನ್ನೊಂದು ಹಾಸಿನ ಮೈಗೆ ತಾಗುತ್ತದೆ. ಎರಡನ್ನೂ ಒಂದೇ ಸೆಟ್ಟಿಂಗಿನಲ್ಲಿ, ಒಂದೇ ವ್ಯಾಸಕ್ಕೆ ತುರಿಯಬೇಕು. ವ್ಯಾಸದಲ್ಲಿ ಹೆಚ್ಚುಕಡಿಮೆಯಾದರೆ ಗಾಡಿ ಸದಾ ಒಂದೇ ಕಡೆ ಫ್ಲ್ಯಾಂಜ್ ಉಜ್ಜುತ್ತಾ ಓಡುತ್ತದೆ. ಆ ಕೆಲಸ ದೊಡ್ಡ ಲೇಥ್ ಇರುವ ಜಾಬ್‌ವರ್ಕ್ ಶೆಡ್ಡಿನದು, ವರ್ಷಕ್ಕೊಮ್ಮೆ ಕೊಟ್ಟರೆ ಮುಗಿಯಿತು. ಆಮೇಲೆ ಕರೆಂಟು. ಇಂಥ ಲೇಥಿನ ಮೋಟರಿಗೆ 415 ವೋಲ್ಟಿನ ತ್ರೀ-ಫೇಸ್ ಬೇಕು. ತೋಟದ ಮನೆಯ ಸಿಂಗಲ್ ಫೇಸನ್ನು ತ್ರೀ-ಫೇಸ್ ಮಾಡುವ ಡ್ರೈವ್ ಹಾಕಿ ಓಡಿಸಬಹುದು ಅನ್ನುವವರಿದ್ದಾರೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಂಗಲ್ ಫೇಸ್ ಡ್ರೈವ್ ಮೂರು ಎಚ್‌ಪಿ ಹತ್ತಿರಕ್ಕೇ ನಿಲ್ಲುತ್ತದೆ, ಲೇಥಿನ ಮೋಟರು ಅದಕ್ಕಿಂತ ದೊಡ್ಡದು. ವಿದ್ಯುತ್ ಕಂಪನಿ ಮಹಾವಿತರಣದಿಂದ ಹೊಸ ಕನೆಕ್ಷನ್ ತಂದರೆ ಯಂತ್ರ ಓಡಿದರೂ ಓಡದಿದ್ದರೂ ತಿಂಗಳ ಸ್ಥಿರ ಶುಲ್ಕ ಕಟ್ಟಬೇಕು. ಟನ್‌ಗಟ್ಟಲೆ ಭಾರದ ಯಂತ್ರಕ್ಕೆ ಹೈಡ್ರಾ ಕ್ರೇನ್, ಟ್ರಕ್ಕು, ಹಮಾಲಿ, ಕಾಂಕ್ರೀಟ್ ಪಾಯ. ಇಷ್ಟಾದ ಮೇಲೆ ಕೆಲಸದ ತುಂಡು ಹಿಡಿಯುವ ಚಕ್ಕಿನ ಹತ್ತಿರ ಹಾಸು ಸವೆದಿದೆಯೆಂದು ಗೊತ್ತಾಗುತ್ತದೆ! ಬಿಟ್ಟಿ ಕೊಟ್ಟವನಿಗೆ ಅದು ಮೊದಲೇ ಗೊತ್ತಿತ್ತು.

ಒಂದು ಗಟ್ಟಿ ಪೀಠದ ಡ್ರಿಲ್ಲಿಂಗ್ ಮಷಿನ್, ಗ್ರೈಂಡರ್, ವೆಲ್ಡಿಂಗ್ ಸೆಟ್, ದೊಡ್ಡ ವೈಸ್, ಇವಿದ್ದರೆ ಎರಡು ವರ್ಷ ನಿರಾಳ.

ಎಲ್ಲಿ ಕೊಳ್ಳುವುದು? ಹೊಸ ಕೈಸಾಮಾನಿಗೆ ಪುಣೆಯ ರವಿವಾರ ಪೇಟೆಯ ಬೋಹರಿ ಆಳಿ ಸಾಕು. ಆಟೆ ಕೊರೆಯುವ ವಿಟ್‌ವರ್ತ್ ಟ್ಯಾಪ್-ಡೈಗಾಗಿ ಮುಂಬಯಿಯ ನಾಗದೇವಿ ಬೀದಿಗೆ ಹೋಗಿಬರುವುದು ಲೇಸು. 'ಬಿಎಸ್‌ಡಬ್ಲ್ಯು' (ಬ್ರಿಟಿಷ್ ಸ್ಟ್ಯಾಂಡರ್ಡ್ ವಿಟ್‌ವರ್ತ್) ಅಂತಲೇ ಕೇಳಿ. ಹಳೆಯದು ಬೇಕೆಂದರೆ ಮುಂಬಯಿಯಲ್ಲೇ ರೇ ರೋಡ್ ಪಕ್ಕದ ದಾರೂಖಾನಾ. ಹಡಗು ಒಡೆಯುವ ಜಾಗವಾದ್ದರಿಂದ ಎಂಜಿನ್ ರೂಮಿನ ದಪ್ಪ ದಪ್ಪ ಪಾನಾಗಳು, ಚೈನ್ ಪುಲ್ಲಿಗಳು, ಶ್ಯಾಕಲ್‌ಗಳು ರಾಶಿ ಬಿದ್ದಿರುತ್ತವೆ. ಪಾನಾ ತನ್ನಿ, ಕಣ್ಣುಮುಚ್ಚಿ ತನ್ನಿ. ಚೈನ್ ಪುಲ್ಲಿ, ಶ್ಯಾಕಲ್, ವೈರ್ ಸ್ಲಿಂಗ್ ಮಾತ್ರ ಅಲ್ಲಿಂದ ತರಬೇಡಿ, ಎಷ್ಟೇ ಅಗ್ಗವಿರಲಿ. ಎಷ್ಟು ಭಾರ ತಡೆಯುತ್ತದೆಂಬ ಗುರುತು ಅಳಿಸಿಹೋಗಿರುತ್ತದೆ, ಹುಕ್ಕು ಬಾಯಿ ಬಿಟ್ಟಿರುತ್ತದೆ, ಕೊಂಡಿ ಹಿಗ್ಗಿರುತ್ತದೆ. ಎತ್ತುವ ಸಾಮಾನು ಹೊಸದೇ ಇರಲಿ, ಟೆಸ್ಟ್ ಸರ್ಟಿಫಿಕೇಟ್ ಸಮೇತ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಇಂಥ ಸಾಮಾನನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ತಪಾಸಣೆ ಮಾಡಿಸಬೇಕೆಂಬ ನಿಯಮವಿತ್ತು. ನಿಮ್ಮ ಶೆಡ್ಡು ಕಾನೂನಿನ ಲೆಕ್ಕದಲ್ಲಿ ಕಾರ್ಖಾನೆ ಅಲ್ಲದಿರಬಹುದು, ಮೇಲಿಂದ ಬೀಳುವ ಎಂಜಿನಿಗೆ ಆ ವ್ಯತ್ಯಾಸ ತಿಳಿಯದು. ದಾರೂಖಾನಾದಲ್ಲಿ ಪೈಪಿಗೆ ಸುತ್ತಿದ ಬಿಳಿ ನಾರಿನ ಹೊದಿಕೆ ಕಂಡರೆ ದೂರ ನಿಲ್ಲಿ. ಆಸ್‌ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಪುಣೆಯ ಹಳೇ ಸಾಮಾನಿನ ಸಂತೆ ಜುನಾ ಬಾಜಾರ್ ನನ್ನ ಮೆಚ್ಚಿನ ಜಾಗ, ಅಲ್ಲೇ ನನಗೆ ಹೆಚ್ಚು ಭಯ ಕೂಡ. ರೈಲ್ವೆಯ ಮೊಹರು ಬಿದ್ದ ಸುತ್ತಿಗೆ, ಲಾಟೀನು, ಪಾನಾ, ಹಳಿ ಜೋಡಿಸುವ ಫಿಶ್‌ಪ್ಲೇಟ್ ಕಂಡೊಡನೆ ರೈಲಿನ ಹುಚ್ಚಿರುವವರ ಕೈ ಜೇಬಿಗೆ ಹೋಗುತ್ತದೆ. 1966ರ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆ ಏನನ್ನುತ್ತದೆ ಗೊತ್ತೇ? ಕದ್ದದ್ದೆಂದು ಸಕಾರಣವಾಗಿ ಶಂಕಿಸಬಹುದಾದ ರೈಲ್ವೆ ವಸ್ತು ನಿಮ್ಮ ಹತ್ತಿರ ಸಿಕ್ಕರೆ, ಅದು ನ್ಯಾಯವಾಗಿ ಬಂತೆಂದು ತೋರಿಸಬೇಕಾದವರು ನೀವೇ. ತೋರಿಸಲಾಗದಿದ್ದರೆ ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಸೆರೆವಾಸ ಆಗಬಹುದು. ರೈಲ್ವೆ ರಕ್ಷಣಾ ದಳ ಆರ್‌ಪಿಎಫ್‌ನವರ ಮುಂದೆ "ಹಳೇದು ಸಾಹೇಬ್ರೆ, ಶೋಕಿಗೆ ತಂದೆ" ಅಂದರೆ ನಡೆಯುವುದಿಲ್ಲ. ನೇರ ದಾರಿ ರೈಲ್ವೆಯ ಇ-ಹರಾಜು, ಐಆರ್‌ಇಪಿಎಸ್ ಎಂಬ ರೈಲ್ವೆಯ ಜಾಲತಾಣದಲ್ಲಿ ನಡೆಯುತ್ತದೆ. ಅಲ್ಲಿ ಲಾಟುಗಳು ದೊಡ್ಡವು, ಹತ್ತು ಜನರ ಗುಂಪಿಗೆ ಎಟುಕುವುದಿಲ್ಲ. ಹರಾಜಿನಲ್ಲಿ ಕೊಂಡ ವ್ಯಾಪಾರಿಯಿಂದ ನಿಮಗೆ ಬೇಕಾದಷ್ಟನ್ನು ಬಿಲ್ಲಿನ ಮೇಲೆ ಕೊಳ್ಳಿ, ಜೊತೆಗೆ ಅವನ ಹರಾಜಿನ ಡೆಲಿವರಿ ಕಾಗದದ ಪ್ರತಿಯನ್ನೂ ಕೇಳಿ ಪಡೆಯಿರಿ. ಕೊಡದ ವ್ಯಾಪಾರಿಯಿಂದ ಒಂದು ಬೋಲ್ಟನ್ನೂ ತರಬೇಡಿ. ಇನ್ನೊಂದು, ದೊಡ್ಡ ಲೈನಿನ ಮೀಟರಿಗೆ 52 ಕೆಜಿಯ ಹಳಿಗೆ ಮಾಡಿದ ಫಿಶ್‌ಪ್ಲೇಟ್ ನಿಮ್ಮ ಹಗುರ ಹಳಿಗೆ ಕೂರುವುದಿಲ್ಲ. ನಿಮ್ಮದು ಗಜಕ್ಕೆ 30 ಪೌಂಡಿನ ಹಳಿಯಾದರೆ ಮೀಟರಿಗೆ ಸುಮಾರು 15 ಕೆಜಿ. ಒಂಬತ್ತು ಮೀಟರಿನ ಒಂದು ತುಂಡು 135 ಕೆಜಿ ತೂಗುತ್ತದೆ. ಎಷ್ಟು ಜನ ಬರುತ್ತಾರೆಂದು ನೋಡಿಕೊಂಡು ಇಕ್ಕಳ ಕೊಳ್ಳಿ.

ದಾನದ ಪೆಟ್ಟಿಗೆಗಳ ಮಾತು ಬೇರೆ. ನಿವೃತ್ತ ಫಿಟ್ಟರುಗಳು, ಎಷ್ಟೋ ಸಲ ಅವರು ಹೋದ ಮೇಲೆ ಮನೆಯವರು, ಸಾಮಾನಿನ ಪೆಟ್ಟಿಗೆಯನ್ನೇ ಕೊಟ್ಟುಬಿಡುತ್ತಾರೆ. ಅಂಗುಲದ ಮೈಕ್ರೋಮೀಟರ್, ಸ್ಕ್ರೇಪರ್, ಕೈಯಿಂದ ಮಾಡಿದ ಟೆಂಪ್ಲೇಟ್, ಯಾವ ಅಂಗಡಿಯಲ್ಲೂ ಸಿಗದ ಮಾಲು. ಹೋಗಿ ಕೂತು, ಚಹಾ ಕುಡಿದು, ಯಾವುದು ಯಾತಕ್ಕೆಂದು ಕೇಳಿ ಬರೆದುಕೊಳ್ಳಿ. ಕೊಟ್ಟದ್ದಕ್ಕೆ ಒಂದು ಪತ್ರ ಬರೆಸಿಕೊಳ್ಳಿ: ಸಂಘಕ್ಕೆ ಕೊಟ್ಟಿದ್ದೇವೆ, ಬೇಡವಾದದ್ದನ್ನು ಮಾರಲು ಅಡ್ಡಿಯಿಲ್ಲ, ಅಂತ. ಈ ಒಂದು ಸಾಲು ಇಲ್ಲದೆ ಶೆಡ್ಡುಗಳು ಗೋದಾಮಾಗಿದ್ದನ್ನು ಕಂಡಿದ್ದೇನೆ. ಸದಸ್ಯರು ಮನೆಯಿಂದ ತಂದ ಸಾಮಾನಿಗೆ ಬೇರೆ ಬಣ್ಣ ಬಳಿಯಿರಿ. ಸಂಘ ಒಡೆದ ದಿನ ಜಗಳ ಶುರುವಾಗುವುದು ಡ್ರಿಲ್ ಬಿಟ್ಟುಗಳಿಂದ.

ಕಂಪನಿಗಳಿಂದ ಕೇಳುವುದಾದರೆ ಜನವರಿಯಲ್ಲೇ ಪತ್ರ ಹಾಕಿ. ಮಾರ್ಚಿಗೆ ಲೆಕ್ಕ ಮುಗಿಸುವ ಹೊತ್ತಿನಲ್ಲಿ ಹಳೇ ಸಾಮಾನು ಹೊರಗೆ ಹೋಗುತ್ತದೆ. "ಏನಾದರೂ ಕೊಡಿ" ಅಂತ ಬರೆದರೆ ಗುಜರಿಯೇ ಬರುತ್ತದೆ. "ಹತ್ತು ಟನ್ನಿನ ಎರಡು ಸ್ಕ್ರೂ ಜಾಕಿ, ಒಂದು ಸರ್ಫೇಸ್ ಪ್ಲೇಟ್, ಮೈಕ್ರೋಮೀಟರ್ ಸೆಟ್" ಅಂತ ಬಿಡಿಸಿ ಬರೆಯಿರಿ. ಪತ್ರ ಪರ್ಚೇಸ್‌ನವರಿಗಲ್ಲ, ಮೆಂಟೆನೆನ್ಸ್ ಮುಖ್ಯಸ್ಥರಿಗೆ ಹೋಗಲಿ. ಸ್ಟೋರಿನ ಮೂಲೆಯಲ್ಲಿ ಏನಿದೆಯೆಂದು ಬಲ್ಲವರು ಅವರೇ. ಬಿಟ್ಟಿ ಕೇಳಲೂಬೇಡಿ. ವಸ್ತುವನ್ನು ದಾನ ಕೊಟ್ಟರೆ ಅದರ ಮೇಲಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ರಿಯಾಯಿತಿ) ಬಿಟ್ಟುಕೊಡಬೇಕಾಗುತ್ತದೆಂದು ಅಕೌಂಟ್ಸ್‌ನವರು ಹಿಂಜರಿಯುತ್ತಾರೆ. ಗುಜರಿ ತೂಕದ ಬೆಲೆ ಕೊಡುತ್ತೇವೆ, ಇನ್‌ವಾಯ್ಸ್ ಕೊಡಿ ಅನ್ನಿ. ಅವರ ಫೈಲೂ ಮುಚ್ಚುತ್ತದೆ, ಗೇಟಿನ ಸೆಕ್ಯುರಿಟಿಯವನೂ ಟೆಂಪೊ ತಡೆಯುವುದಿಲ್ಲ, ನಿಮ್ಮ ರಿಜಿಸ್ಟರಿಗೆ ಒಂದು ಗಟ್ಟಿ ಕಾಗದವೂ ಸಿಗುತ್ತದೆ.