ಪಿಯರ್ಸ್ ಹೋದರು, ಟೇಟಮ್ ಬಂದರು

2013ರ ಜೂನ್ 27ರ ರಾತ್ರಿ, ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್, ಅಂದ್ರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ನಡೆಯುತ್ತಿತ್ತು. ನಮ್ಮಲ್ಲಿ ಆಗ ಮರುದಿನದ ನಸುಕು, ಹಾಲಿನವರು ಬರುವ ಹೊತ್ತು. ಹೊಸ ಹುಡುಗರ ಹೆಸರು ಕೂಗುತ್ತಿರುವಾಗಲೇ ಬೇರೆ ಸುದ್ದಿ ಹೊರಬಿತ್ತು. ಬಾಸ್ಟನ್ ಸೆಲ್ಟಿಕ್ಸ್ ತಂಡ ಪಾಲ್ ಪಿಯರ್ಸ್ ಮತ್ತು ಕೆವಿನ್ ಗಾರ್ನೆಟ್ ಇಬ್ಬರನ್ನೂ ಬ್ರೂಕ್ಲಿನ್ ನೆಟ್ಸ್‌ಗೆ ಕೊಡುತ್ತಿದೆಯಂತೆ! ಪಿಯರ್ಸ್‌ಗೆ 35 ವರ್ಷ, ಗಾರ್ನೆಟ್‌ಗೆ 37. ಪಿಯರ್ಸ್ ಆ ಹೊತ್ತಿಗೆ 15 ಸೀಸನ್ ಆಡಿದ್ದರು, ಎಲ್ಲವೂ ಬಾಸ್ಟನ್‌ಗೇ.

ವಯಸ್ಸಾದ ತಂಡದ ಅಭಿಮಾನಿಗಳು ಯಾವ ಊರಲ್ಲಿದ್ದರೂ ಜಗಳ ಒಂದೇ. ಕಪ್ ಗೆದ್ದುಕೊಟ್ಟವರು ಇಲ್ಲೇ ನಿವೃತ್ತರಾಗಲಿ ಅನ್ನುತ್ತದೆ ಒಂದು ಗುಂಪು. ಬೆಲೆ ಇರುವಾಗಲೇ ಕೊಟ್ಟುಬಿಡಿ, ಆಮೇಲೆ ಕೇಳುವವರಿರಲ್ಲ ಅನ್ನುತ್ತದೆ ಇನ್ನೊಂದು. ಬಾಸ್ಟನ್‌ನಲ್ಲಿ ಈ ಜಗಳಕ್ಕೆ ಕಾಲು ಶತಮಾನದ ಹಿಂದಿನ ಗಾಯವೂ ಇತ್ತು.

ಲ್ಯಾರಿ ಬರ್ಡ್, ಕೆವಿನ್ ಮೆಕ್‌ಹೇಲ್, ರಾಬರ್ಟ್ ಪ್ಯಾರಿಷ್ ಮೂವರೂ ಸೇರಿ 1981, 1984, 1986ರಲ್ಲಿ ಬಾಸ್ಟನ್‌ಗೆ ಚಾಂಪಿಯನ್‌ಷಿಪ್ ತಂದುಕೊಟ್ಟಿದ್ದರು. ದಶಕದ ಕೊನೆಗೆ ಮೈ ಸೋಲತೊಡಗಿತು. 1988-89ರಲ್ಲಿ ಬರ್ಡ್ ಹಿಮ್ಮಡಿಯ ಶಸ್ತ್ರಚಿಕಿತ್ಸೆಯಿಂದಾಗಿ ಬರೀ 6 ಪಂದ್ಯ ಆಡಿದರು. ತಂಡ ಕಟ್ಟಿದ್ದ ರೆಡ್ ಔರ್‌ಬ್ಯಾಕ್ ಮಾತ್ರ ಈ ಮೂವರಲ್ಲಿ ಯಾರನ್ನೂ ಮಾರಲಿಲ್ಲ. ಬರ್ಡ್, ಮೆಕ್‌ಹೇಲ್‌ರನ್ನು ಟ್ರೇಡ್ ಮಾಡಿಬಿಡಿ (ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಏನಾದರೂ ತಗೊಳ್ಳಿ) ಅಂತ ಆಗ ರೆಡ್‌ಗೆ ಹೇಳಿದ್ದೆ ಅಂತ ಆ ತಂಡದಲ್ಲಿ ಗಾರ್ಡ್ ಸ್ಥಾನದಲ್ಲಿ ಆಡುತ್ತಿದ್ದ ಡ್ಯಾನಿ ಏಂಜ್ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ತಮಾಷೆ ಏನು ಅಂದ್ರೆ, 1989ರ ಫೆಬ್ರವರಿಯಲ್ಲಿ ಸ್ಯಾಕ್ರಮೆಂಟೊಗೆ ಟ್ರೇಡ್ ಆಗಿ ಹೋದದ್ದು ಏಂಜ್ ಅವರೇ!

ಬರ್ಡ್ 1992ರಲ್ಲಿ, ಮೆಕ್‌ಹೇಲ್ 1993ರಲ್ಲಿ ಆಟ ನಿಲ್ಲಿಸಿದರು. 1994ರಲ್ಲಿ ಪ್ಯಾರಿಷ್ ಶಾರ್ಲೆಟ್‌ಗೆ ಹೋದರು. ಮೂವರಿಗೂ ಬದಲಾಗಿ ಬಾಸ್ಟನ್‌ಗೆ ಸಿಕ್ಕಿದ್ದು ಸೊನ್ನೆ. 1996-97ರಲ್ಲಿ ತಂಡ 15 ಗೆದ್ದು 67 ಸೋತಿತು.

ಇದನ್ನು ಹಿಡಿದು ರೆಡ್‌ರನ್ನು ಬೈಯುವವರು ಇನ್ನೂ ಇದ್ದಾರೆ. ನನಗೆ ಅದು ಅನ್ಯಾಯ ಅನಿಸುತ್ತದೆ. ಅವರು ಸುಮ್ನೆ ಕೂತಿರಲಿಲ್ಲ. 1984ರಲ್ಲೇ ಜೆರಾಲ್ಡ್ ಹೆಂಡರ್ಸನ್ ಎಂಬ ಗಾರ್ಡ್‌ನನ್ನು ಸಿಯಾಟಲ್‌ಗೆ ಕೊಟ್ಟು, ಅವರ 1986ರ ಮೊದಲ ಸುತ್ತಿನ ಪಿಕ್, ಅಂದ್ರೆ ಡ್ರಾಫ್ಟ್‌ನಲ್ಲಿ ಆರಿಸುವ ಸರದಿ, ಇಟ್ಟುಕೊಂಡಿದ್ದರು. ಸಿಯಾಟಲ್ ಕುಸಿಯಿತು, ಸೋತ ತಂಡಕ್ಕೆ ಒಳ್ಳೆ ಪಿಕ್ ಸಿಗುತ್ತದೆ. ಹಾಗಾಗಿ ಆಗಷ್ಟೇ ಚಾಂಪಿಯನ್ ಆಗಿದ್ದ ಬಾಸ್ಟನ್‌ಗೆ 2ನೇ ಪಿಕ್ ಸಿಕ್ಕಿತು. ಆರಿಸಿದ್ದು ಲೆನ್ ಬಯಸ್ ಎಂಬ ಹುಡುಗನನ್ನು. ಎರಡೇ ದಿನಕ್ಕೆ ಆತ ಕೊಕೇನ್‌ನಿಂದ ತೀರಿಹೋದ. ನಂತರ ತಂಡದ ಆಧಾರವಾಗಿದ್ದ ರೆಜಿ ಲೂಯಿಸ್ 1993ರಲ್ಲಿ, 27ನೇ ವಯಸ್ಸಿಗೆ, ಹೃದಯ ನಿಂತು ಸತ್ತರು. ಯಾವ ಟ್ರೇಡ್ ತಾನೇ ಇದನ್ನು ತುಂಬಿಕೊಟ್ಟೀತು?

ಏಂಜ್ 2003ರಲ್ಲಿ ಬಾಸ್ಟನ್‌ಗೆ ಮರಳಿದರು, ಈ ಸಲ ತಂಡ ಕಟ್ಟುವ ಕೆಲಸಕ್ಕೆ. 2007ರ ಬೇಸಿಗೆಯಲ್ಲಿ ಹಲವು ಎಳೆಯ ಆಟಗಾರರನ್ನು ಕೊಟ್ಟು ರೇ ಆಲನ್, ಗಾರ್ನೆಟ್ ಇಬ್ಬರನ್ನೂ ತಂದರು. ಗಾರ್ನೆಟ್ ಒಬ್ಬರಿಗಾಗಿ ಐದು ಆಟಗಾರರು, ಎರಡು ಪಿಕ್! ಹಿಂದಿನ ವರ್ಷ 24 ಪಂದ್ಯ ಗೆದ್ದಿದ್ದ ತಂಡ 66 ಗೆದ್ದು 2008ರ ಚಾಂಪಿಯನ್ ಆಯಿತು. 2010ರ ಫೈನಲ್‌ನಲ್ಲಿ ಲೇಕರ್ಸ್ ಎದುರು ಏಳನೇ ಪಂದ್ಯದಲ್ಲಿ ಸೋತಿತು. 2012ರಲ್ಲಿ ಆಲನ್ ಮಯಾಮಿಗೆ ಹೋದರು. 2013ರಲ್ಲಿ ಮೊದಲ ಸುತ್ತಿನಲ್ಲೇ ಮನೆದಾರಿ. ಹಿಂದೆ ರೆಡ್‌ಗೆ ಕೊಟ್ಟ ಸಲಹೆ ಈಗ ಏಂಜ್ ತಲೆಯ ಮೇಲೇ ಬಂದು ಕೂತಿತ್ತು.

ಟ್ರೇಡ್‌ನ ಪಟ್ಟಿ ಮೊದಲ ನೋಟಕ್ಕೆ ವಿಚಿತ್ರ. ಪಿಯರ್ಸ್, ಗಾರ್ನೆಟ್ ಜೊತೆ ಜೇಸನ್ ಟೆರಿ, ಡಿ.ಜೆ. ವೈಟ್ ಆ ಕಡೆಗೆ. ಈ ಕಡೆಗೆ ಬಂದ ಐವರಲ್ಲಿ ಯಾರೂ ಬಾಸ್ಟನ್‌ನ ಭವಿಷ್ಯ ಆಗುವವರಲ್ಲ. ಎನ್‌ಬಿಎಯಲ್ಲಿ ಸಂಬಳದ ಮಿತಿ ದಾಟಿದ ತಂಡಗಳು ಟ್ರೇಡ್ ಮಾಡುವಾಗ ಎರಡೂ ಕಡೆಯ ಸಂಬಳ ಹೆಚ್ಚುಕಡಿಮೆ ಹೊಂದಬೇಕು. ಅವರೆಲ್ಲ ತಕ್ಕಡಿ ಸರಿತೂಗಿಸಲು ಬಂದವರು. ಅಸಲು ಮಾಲು ಬೇರೆ: ಬ್ರೂಕ್ಲಿನ್‌ನ 2014, 2016, 2018ರ ಮೊದಲ ಸುತ್ತಿನ ಪಿಕ್‌ಗಳು, ಜೊತೆಗೆ 2017ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು.

ಒಂದು ವರ್ಷ ಬಿಟ್ಟು ಒಂದು ವರ್ಷ ಯಾಕೆ? 1980ರ ದಶಕದ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಸಿಕ್ಕಸಿಕ್ಕವರಿಗೆ ಪಿಕ್ ಮಾರಿ ತಂಡವನ್ನೇ ಬರಿದು ಮಾಡಿದ್ದರು. ಆಮೇಲೆ ಬಂದ ನಿಯಮಕ್ಕೆ ಇವತ್ತಿಗೂ ಅವರದೇ ಹೆಸರು. ಮುಂದಿನ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ ಇಲ್ಲದ ಹಾಗೆ ಯಾವ ತಂಡವೂ ಮಾಡಿಕೊಳ್ಳುವಂತಿಲ್ಲ. ಆದರೆ ಅದಲುಬದಲಿಗೆ ಅಡ್ಡಿಯಿಲ್ಲ, ಯಾಕಂದ್ರೆ ಕೈಯಲ್ಲಿ ಒಂದು ಪಿಕ್ ಉಳಿಯುತ್ತದಲ್ಲ. 2017ರ ಸಂದನ್ನು ಏಂಜ್ ಮುಚ್ಚಿದ್ದು ಹೀಗೆ.

2014ರ ಜನವರಿ 26ರಂದು ಪಿಯರ್ಸ್, ಗಾರ್ನೆಟ್ ನೆಟ್ಸ್ ಬಟ್ಟೆಯಲ್ಲಿ ಬಾಸ್ಟನ್‌ಗೆ ಬಂದರು. ಪಂದ್ಯದ ನಡುವೆ ದೊಡ್ಡ ಪರದೆಯಲ್ಲಿ ಅವರ ಹಳೆಯ ಆಟ ತೋರಿಸಿದರು. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಪಿಯರ್ಸ್ ಆ ದಿನ ಗಳಿಸಿದ್ದು ಬರೀ 6 ಅಂಕ. ನೆಟ್ಸ್ 85-79ರಿಂದ ಗೆದ್ದಿತು. ಮಾರಬಾರದು ಅಂದವರೂ ಮಾರಿ ಅಂದವರೂ ಅವತ್ತು ಒಟ್ಟಿಗೇ ಚಪ್ಪಾಳೆ ಹೊಡೆದಿರಬೇಕು.

ಬ್ರೂಕ್ಲಿನ್ ಆ ವರ್ಷ ಎರಡನೇ ಸುತ್ತಿನಲ್ಲಿ ಹೊರಬಿತ್ತು. ಬೇಸಿಗೆಯಲ್ಲಿ ಪಿಯರ್ಸ್ ವಾಷಿಂಗ್ಟನ್‌ಗೆ, 2015ರಲ್ಲಿ ಗಾರ್ನೆಟ್ ಮಿನೆಸೋಟಾಗೆ. ಮುಂದಿನದು ನೆಟ್ಸ್ ಅಭಿಮಾನಿಗಳಿಗೆ ನರಕ. 2015-16ರಲ್ಲಿ 21 ಗೆಲುವು, 2016-17ರಲ್ಲಿ 20. ಸೋತ ತಂಡಕ್ಕೆ ಒಳ್ಳೆ ಪಿಕ್ ಸಿಗುವುದೊಂದೇ ಸಮಾಧಾನ, ಅಲ್ವಾ? ಇವರಿಗೆ ಅದೂ ಇಲ್ಲ. 2016ರ 3ನೇ ಪಿಕ್ ಬಾಸ್ಟನ್‌ಗೆ ಹೋಗಿ ಜೇಲನ್ ಬ್ರೌನ್ ಆಯಿತು. 2017ರಲ್ಲಿ ಪೂರ್ವ ವಲಯದಲ್ಲೇ ಮೊದಲ ಸ್ಥಾನ ಗಳಿಸಿದ್ದ ಬಾಸ್ಟನ್ ಕೈಗೆ ಆ ಅದಲುಬದಲು ಹಕ್ಕಿನಿಂದ ಡ್ರಾಫ್ಟ್‌ನ 1ನೇ ಪಿಕ್ ಬಂತು. ಏಂಜ್ ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು, 3ನೇ ಪಿಕ್ ಜೊತೆ ಇನ್ನೊಂದು ಪಿಕ್ ತಗೊಂಡರು. 3ರಲ್ಲಿ ಬಂದವರು ಜೇಸನ್ ಟೇಟಮ್. 2024ರಲ್ಲಿ ಬಾಸ್ಟನ್ 18ನೇ ಸಲ ಚಾಂಪಿಯನ್ ಆದಾಗ ತಂಡದ ಎರಡು ಕಂಬಗಳು ಬ್ರೌನ್, ಟೇಟಮ್ ಇವರೇ.

ಎಲ್ಲವೂ ಜಾಣತನ ಅಂತ ತಿಳಿಯಬೇಡಿ. 2014ರ ಪಿಕ್‌ನಲ್ಲಿ ಬಂದ ಜೇಮ್ಸ್ ಯಂಗ್ ನೆಲೆಯೂರಲಿಲ್ಲ. 2018ರ ಪಿಕ್ ಸೇರಿಸಿ ಕೊಟ್ಟು ತಂದ ಕೈರಿ ಅರ್ವಿಂಗ್ ಎರಡೇ ವರ್ಷಕ್ಕೆ ಬಾಸ್ಟನ್ ಬಿಟ್ಟರು. ಹೋದದ್ದೆಲ್ಲಿಗೆ? ಬ್ರೂಕ್ಲಿನ್‌ಗೇ!

ನನ್ನ ಪ್ರಕಾರ ಎರಡೂ ಗುಂಪಿನವರು ತಪ್ಪು ಕಡೆ ನೋಡುತ್ತಾರೆ. ನಮ್ಮ ಮುದಿ ಆಟಗಾರರನ್ನು ಯಾವಾಗ ಮಾರಬೇಕು ಅನ್ನುವುದಕ್ಕಿಂತ, ಕೊಂಡವರು ಎಷ್ಟು ಬೇಗ ಮುದಿಯಾಗುತ್ತಾರೆ ಅನ್ನುವುದೇ ಜಾಸ್ತಿ ಮುಖ್ಯ. ರೆಡ್‌ಗೆ ಸಿಯಾಟಲ್ ಕುಸಿದುಕೊಟ್ಟಿತು, ಏಂಜ್‌ಗೆ ಬ್ರೂಕ್ಲಿನ್. ಏಂಜ್ ಆಮೇಲೆ ಯೂಟಾ ಜಾಝ್ ಸೇರಿದರು. 2022ರಲ್ಲಿ ರೂಡಿ ಗೊಬೇರ್‌ರನ್ನು ಮಿನೆಸೋಟಾಗೆ ಕೊಟ್ಟಾಗ ಅದೇ ಹಳೆಯ ಪಟ್ಟು ಹಾಕಿದರು: 2023, 2025, 2027, 2029ರ ಪಿಕ್‌ಗಳು, 2026ಕ್ಕೆ ಅದಲುಬದಲು. ಆದರೆ ಮಿನೆಸೋಟಾ ಕುಸಿಯಲಿಲ್ಲ. 2024ರಲ್ಲೂ 2025ರಲ್ಲೂ ಪಶ್ಚಿಮ ವಲಯದ ಫೈನಲ್ ಆಡಿತು. 2023ರಲ್ಲಿ ಯೂಟಾಗೆ ಅದರಿಂದ ಬಂದದ್ದು 16ನೇ ಪಿಕ್.