ಆ ಕೇಸು ಕೊನೆಗೆ ಏನಾಯಿತು? ಭ್ರಷ್ಟಾಚಾರ ಕಾನೂನು ಓದುವವರಿಗೆ ನನ್ನ ಟಿಪ್ಪಣಿ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರ ಕೈಯಲ್ಲಿ ಪತ್ರಿಕೆ ಇದ್ದರೆ, ಮಂಡಗದ್ದೆ ದಾಟುವುದರೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ: "ಆ ಮಂತ್ರಿಯ ಕೇಸು ಕೊನೆಗೆ ಏನಾಯಿತು?" ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಕೆಎಎಸ್‌ಗೆ ಓದುತ್ತಿರುವ ನನಗೂ ಗೊತ್ತಿರಲಿಲ್ಲ. ಒಂದು ಅಭ್ಯಾಸ ಪರೀಕ್ಷೆಯಲ್ಲಿ "ರಾಜೀನಾಮೆ ಕೊಟ್ಟಿದ್ದರಿಂದ ಆರೋಪ ಸಾಬೀತಾಯಿತು" ಎಂದು ಬರೆದಿದ್ದೆ. ಮೇಷ್ಟ್ರು ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದರು: "ಯಾವ ಕೋರ್ಟಿನಲ್ಲಿ?" ಆ ಎರಡು ಪದಗಳಿಂದ ಹುಟ್ಟಿದ್ದು ಈ ಟಿಪ್ಪಣಿ.

ನಮ್ಮ ಜಿಲ್ಲೆಯದೇ ಉದಾಹರಣೆ ಹಿಡಿದರೆ ಎಲ್ಲವೂ ಸಿಗುತ್ತದೆ. ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದಾಗ, 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ನಾಲ್ಕೇ ದಿನದಲ್ಲಿ, ಜುಲೈ 31ರಂದು, ಯಡಿಯೂರಪ್ಪ ರಾಜೀನಾಮೆ ನೀಡಿದರು. ಭೂಮಿ ಡಿನೋಟಿಫಿಕೇಶನ್‌ಗೆ, ಅಂದರೆ ಸ್ವಾಧೀನಕ್ಕೆ ಗುರುತಿಸಿದ ಜಮೀನನ್ನು ಕೈಬಿಡುವುದಕ್ಕೆ, ಸಂಬಂಧಿಸಿದ ಬೇರೆಯೇ ಪ್ರಕರಣದಲ್ಲಿ ಅದೇ ಅಕ್ಟೋಬರ್‌ನಲ್ಲಿ ಜೈಲಿಗೂ ಹೋದರು. 2012ರ ಮಾರ್ಚ್‌ನಲ್ಲಿ ಹೈಕೋರ್ಟ್, ಗಣಿ ವರದಿಯ ಆಧಾರದ ಎಫ್ಐಆರ್ ರದ್ದುಪಡಿಸಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಿತು. ಕುಟುಂಬದ ಟ್ರಸ್ಟ್‌ಗೆ ಬಂದ ದೇಣಿಗೆ ಮತ್ತು ಜಮೀನು ವ್ಯವಹಾರದ ಮೂಲಕ 40 ಕೋಟಿ ರೂಪಾಯಿ ಲಂಚ ಸಂದಿದೆ ಎಂಬುದು ಸಿಬಿಐ ಆರೋಪ. 2016ರ ಅಕ್ಟೋಬರ್ 26ರಂದು ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ಅಷ್ಟರಲ್ಲಿ 2013ರಲ್ಲಿ ಶಿಕಾರಿಪುರದಿಂದ ವಿಧಾನಸಭೆಗೂ 2014ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೂ ಅವರು ಗೆದ್ದಾಗಿತ್ತು.

ಈ ಒಂದು ಪ್ಯಾರಾದಲ್ಲಿ ವರದಿ, ರಾಜೀನಾಮೆ, ಎಫ್ಐಆರ್, ಬಂಧನ, ತನಿಖೆ, ಖುಲಾಸೆ, ಚುನಾವಣೆ ಎಲ್ಲವೂ ಇವೆ. ಪರೀಕ್ಷೆಯಲ್ಲಿ ಎಡವುವುದು ಇವನ್ನು ಒಂದೇ ಮೆಟ್ಟಿಲ ಸಾಲು ಎಂದುಕೊಂಡಾಗ. ಇವು ಮೆಟ್ಟಿಲುಗಳಲ್ಲ, ಬೇರೆ ಬೇರೆ ಮನೆಗಳು. ಲೋಕಾಯುಕ್ತ ವರದಿ ಶಿಫಾರಸು, ತೀರ್ಪಲ್ಲ. ಬಂಧನ ಶಿಕ್ಷೆಯಲ್ಲ. ರಾಜೀನಾಮೆ ರಾಜಕೀಯದ ಮಾತು. ಕಾನೂನಿನಲ್ಲಿ ಅದಕ್ಕೆ ತಪ್ಪೊಪ್ಪಿಗೆಯ ಬೆಲೆಯಿಲ್ಲ. ಗೆಲುವು ಖುಲಾಸೆಯಲ್ಲ. ಈ ಪ್ರಕರಣದಲ್ಲಂತೂ ಮತದಾರರ ಉತ್ತರ ಎರಡು ಬಾರಿ ಬಂದ ಮೇಲೆ ನ್ಯಾಯಾಲಯದ ಉತ್ತರ ಬಂತು.

ಲೋಕಾಯುಕ್ತದ ಬಗ್ಗೆ ಇಷ್ಟು ಸಾಕು: ರಾಮಕೃಷ್ಣ ಹೆಗಡೆ ಸರ್ಕಾರದ 1984ರ ಕಾಯ್ದೆ, 1986ರಿಂದ ಜಾರಿ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂಬ ಎಸಿಬಿ ಬಂದು ಲೋಕಾಯುಕ್ತ ಪೊಲೀಸರ ಅಧಿಕಾರ ಅತ್ತ ಹೋಯಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನೇ ರದ್ದುಮಾಡಿತು.

ಬಲೆ ಮತ್ತು ಗುಲಾಬಿ ನೀರು

ಭ್ರಷ್ಟಾಚಾರ ತಡೆ ಕಾಯ್ದೆ 1988ರದು, ದೊಡ್ಡ ತಿದ್ದುಪಡಿ 2018ರದು. 7ನೇ ಸೆಕ್ಷನ್ ಲಂಚ ಪಡೆಯುವುದಕ್ಕೆ, 3ರಿಂದ 7 ವರ್ಷ. 13ನೇ ಸೆಕ್ಷನ್ ಅಕ್ರಮ ಆಸ್ತಿಗೆ, 4ರಿಂದ 10 ವರ್ಷ. ಲಂಚ ಕೊಡುವವರನ್ನು 8ನೇ ಸೆಕ್ಷನ್ ಹಿಡಿಯುತ್ತದೆ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ರಕ್ಷಣೆ ಇದೆ. ಈ 7 ದಿನ, 7 ವರ್ಷ, 7ನೇ ಸೆಕ್ಷನ್ ನನ್ನ ತಲೆಯಲ್ಲಿ ಕಲಸಿಹೋಗಿದ್ದವು. ನೀವು ಮೊದಲೇ ಬಿಡಿಸಿಟ್ಟುಕೊಳ್ಳಿ.

ಬಲೆ ಬೀಸುವ ವಿಧಾನ ಮಾತ್ರ ಒಮ್ಮೆ ಓದಿದರೆ ಮರೆಯುವುದಿಲ್ಲ. ಹಬ್ಬದ ಆರತಿಗೆ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಹಳದಿ ನೀರು ಕ್ಷಣದಲ್ಲಿ ಕೆಂಪಾಗುತ್ತದಲ್ಲವೇ? ತತ್ವ ಅದೇ. ದೂರುದಾರ ತಂದ ನೋಟುಗಳ ನಂಬರನ್ನು ಪಂಚರ, ಅಂದರೆ ಸಾಕ್ಷಿಗಳ, ಎದುರು ಬರೆದುಕೊಂಡು, ಅವುಗಳಿಗೆ ಫಿನಾಲ್ಫ್ತಲೀನ್ ಪುಡಿ ಹಚ್ಚುತ್ತಾರೆ. ಬಿಳಿ ಪುಡಿ, ನೋಟಿನ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಹಣ ಕೈ ಬದಲಾದ ಕೂಡಲೇ ಅಧಿಕಾರಿಗಳು ಒಳನುಗ್ಗಿ, ಪಡೆದವರ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸುತ್ತಾರೆ. ಬಟ್ಟೆ ತೊಳೆಯುವ ಅದೇ ವಾಷಿಂಗ್ ಸೋಡಾ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಸೀಸೆಗೆ ತುಂಬಿ, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹಣ ಜೇಬಿಗೆ ಹೋಗಿದ್ದರೆ ಜೇಬನ್ನೂ ತೊಳೆಯುತ್ತಾರೆ. ಪಿಯುಸಿಯಲ್ಲಿ ಬ್ಯೂರೆಟ್ ಹಿಡಿದು ಟೈಟ್ರೇಶನ್ ಮಾಡಿದವರಿಗೆ ಈ ಪುಡಿ ಹಳೆಯ ಗೆಳೆಯ. ಒಂದೇ ಹನಿ ಹೆಚ್ಚಾದರೂ ಬಣ್ಣ ಗಾಢವಾಗಿ ಅಂಕ ಹೋಗುತ್ತಿತ್ತು.

ಆದರೆ ಗುಲಾಬಿ ನೀರೊಂದೇ ಸಾಲದು. ಹಣ ಸಿಕ್ಕಿತು ಎಂಬುದರ ಜತೆಗೆ ಹಣ ಕೇಳಿದರು ಎಂಬುದೂ ರುಜುವಾಗಬೇಕು. ಬೇಡಿಕೆಯ ಸಾಕ್ಷ್ಯವಿಲ್ಲದೆ ವಶಪಡಿಸಿಕೊಂಡ ನೋಟಿನಿಂದಲೇ ಅಪರಾಧ ನಿಲ್ಲದು ಎಂದು 2014ರ ಬಿ. ಜಯರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾದರೆ ದೂರುದಾರ ತೀರಿಕೊಂಡರೆ, ಇಲ್ಲವೇ ಸಾಕ್ಷಿ ಕಟ್ಟೆಯಲ್ಲಿ ತಿರುಗಿಬಿದ್ದರೆ? 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಪ್ರಕರಣದ ಐವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಉತ್ತರ ಕೊಟ್ಟಿತು: ಸಾಂದರ್ಭಿಕ ಸಾಕ್ಷ್ಯದಿಂದಲೂ ಬೇಡಿಕೆಯನ್ನು ಸಾಬೀತುಪಡಿಸಬಹುದು. ಇವೆರಡನ್ನೂ ಒಟ್ಟಿಗೆ ಬರೆದರೆ ಉತ್ತರ ತುಂಬಿಕೊಳ್ಳುತ್ತದೆ.

ಹತ್ತಿರದ ಚನ್ನಗಿರಿಯನ್ನು ನೆನಪಿಸಿಕೊಳ್ಳಿ. 1997ಕ್ಕೆ ಮೊದಲು ಅದು ನಮ್ಮ ಜಿಲ್ಲೆಯಲ್ಲೇ ಇತ್ತು, ಈಗ ದಾವಣಗೆರೆಗೆ ಸೇರಿದೆ. 2023ರ ಮಾರ್ಚ್‌ನಲ್ಲಿ ಅಲ್ಲಿನ ಶಾಸಕ ಮಾಡಾಳ್ ವಿರೂಪಾಕ್ಷಪ್ಪ ಅವರ ಅಧಿಕಾರಿ ಮಗ 40 ಲಕ್ಷ ರೂಪಾಯಿ ಪಡೆಯುತ್ತಿದ್ದ ಆರೋಪದಲ್ಲಿ ಲೋಕಾಯುಕ್ತ ಬಲೆಗೆ ಬಿದ್ದರು. ಮನೆಯಲ್ಲಿ ಕೋಟಿಗಟ್ಟಲೆ ನಗದು ಸಿಕ್ಕಾಗ ಅದು ಅಡಿಕೆಯ ದುಡ್ಡು ಎಂಬ ಮಾತು ಬಂತು. ಮಂಡಿಯ ವಹಿವಾಟು ನೋಡಿದವರಿಗೆ ಆ ಮಾತು ಅರ್ಧ ನಗು, ಅರ್ಧ ಯೋಚನೆ ತರಿಸುತ್ತದೆ. ನಮ್ಮಲ್ಲಿ ಒಂದು ಸುಗ್ಗಿಯ ಅಡಿಕೆ ಮಾರಿದ ದುಡ್ಡು ಕಪಾಟಿನಲ್ಲಿ ಇರುವುದು ಅಪರೂಪವೇನೂ ಅಲ್ಲ. ಶಾಸಕರ ಬಂಧನವೂ ಆಯಿತು. ಅವರ ಮೇಲಿನ ಪ್ರಕರಣವನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿತು. ಮಾರ್ಚ್‌ನ ಸುದ್ದಿ ಎಲ್ಲರಿಗೂ ನೆನಪಿದೆ. ಡಿಸೆಂಬರ್‌ನದು ನಾನು ಹುಡುಕಿ ಓದುವವರೆಗೆ ನನಗೂ ಗೊತ್ತಿರಲಿಲ್ಲ.

ಅನುಮತಿ ಎಂಬ ಕಿರುದಾರಿ

ಇಲ್ಲಿ ಎರಡು ಅನುಮತಿಗಳಿವೆ, ಎರಡನ್ನೂ ಬೆರೆಸಬೇಡಿ. 2018ರಲ್ಲಿ ಸೇರಿದ 17ಎ ತನಿಖೆಗೆ ಮೊದಲು ಬೇಕಾದ ಒಪ್ಪಿಗೆ. ಅದು ಅಧಿಕಾರದಲ್ಲಿದ್ದು ಕೈಗೊಂಡ ನಿರ್ಧಾರ ಅಥವಾ ಶಿಫಾರಸಿನ ಆರೋಪಗಳಿಗೆ ಮಾತ್ರ. ಕೈಯಲ್ಲಿ ನೋಟು ಹಿಡಿದೇ ಸಿಕ್ಕಿಬಿದ್ದವರಿಗೆ ಈ ರಕ್ಷಣೆಯಿಲ್ಲ. 19ನೇ ಸೆಕ್ಷನ್ ತನಿಖೆ ಮುಗಿದ ಮೇಲಿನ ಮಾತು: ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಬೇಕಾದ ಮಂಜೂರಾತಿ.

ಮುಖ್ಯಮಂತ್ರಿಯ ವಿಷಯದಲ್ಲಿ ಕಡತ ರಾಜ್ಯಪಾಲರ ಮೇಜಿಗೆ ಹೋಗುತ್ತದೆ. ಸಂಪುಟದ ಸಲಹೆಯಂತೆಯೇ ಅವರು ನಡೆಯಬೇಕೇ? ಪಕ್ಷಪಾತದ ಸಂಶಯವಿರುವಲ್ಲಿ ಸ್ವಂತ ವಿವೇಚನೆ ಬಳಸಬಹುದು ಎಂದು 2004ರ ಮಧ್ಯಪ್ರದೇಶ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2011ರ ಜನವರಿಯಲ್ಲಿ ಅಂದಿನ ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಯಡಿಯೂರಪ್ಪ ಅವರ ವಿರುದ್ಧ ಅನುಮತಿ ಕೊಟ್ಟರು. 2024ರ ಆಗಸ್ಟ್‌ನಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನಗಳ ವಿಷಯದಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಸಿದ್ದರಾಮಯ್ಯ ಅವರ ವಿರುದ್ಧ ಅನುಮತಿ ಕೊಟ್ಟರು. ಸೆಪ್ಟೆಂಬರ್ 24ರಂದು ಹೈಕೋರ್ಟ್ ಆ ಅನುಮತಿಯನ್ನು ಎತ್ತಿಹಿಡಿಯಿತು. 2025ರ ಫೆಬ್ರುವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯವಿಲ್ಲ ಎಂದು ವರದಿ ಕೊಟ್ಟರು. ತಮಾಷೆ ನೋಡಿ: ಎರಡೂ ಸಲ ಒಂದು ಪಕ್ಷ "ಪ್ರಜಾಪ್ರಭುತ್ವದ ಕಗ್ಗೊಲೆ" ಎಂದಿತು, ಇನ್ನೊಂದು "ಸತ್ಯಕ್ಕೆ ಜಯ" ಎಂದಿತು. ಪಕ್ಷಗಳು ಮಾತ್ರ ಜಾಗ ಬದಲಿಸಿಕೊಂಡಿದ್ದವು. ಉತ್ತರ ಬರೆಯುವಾಗ ಇವೆರಡನ್ನೂ ಜೋಡಿಯಾಗಿ ಕೊಡಿ. ಒಂದನ್ನೇ ಕೊಟ್ಟರೆ ನಿಮ್ಮ ಮನೆಯ ಓಟು ಯಾರಿಗೆ ಎಂದು ಮೌಲ್ಯಮಾಪಕರಿಗೆ ತಿಳಿದುಹೋಗುತ್ತದೆ.

ಸದನದ ಮನೆ

ಕಾನೂನಿನ ಕಣ್ಣಿಗೆ ಬೀಳದ ನೀತಿಗೇಡನ್ನು ಸದನವೇ ವಿಚಾರಿಸಬಹುದು. 1951ರಲ್ಲಿ ಹಂಗಾಮಿ ಸಂಸತ್ತಿನ ಎಚ್.ಜಿ. ಮುದ್ಗಲ್, ಬೊಂಬಾಯಿಯ ಚಿನ್ನ ಬೆಳ್ಳಿ ವರ್ತಕರ ಸಂಘದಿಂದ ಲಾಭ ಪಡೆದು ಸದನದಲ್ಲಿ ಅವರ ಪರ ಕೆಲಸ ಮಾಡಿದ ಆರೋಪ ಎದುರಿಸಿದರು. ನೆಹರೂ ಅವರೇ ವಿಚಾರಣೆಗೆ ಮುಂದಾದರು. ಉಚ್ಚಾಟನೆಗೆ ಮೊದಲೇ ಮುದ್ಗಲ್ ರಾಜೀನಾಮೆ ಕೊಟ್ಟರು. ಆದರೂ ಸದನ ಸುಮ್ಮನಾಗದೆ, ಅವರು ಉಚ್ಚಾಟನೆಗೆ ಅರ್ಹರಾಗಿದ್ದರು ಎಂದು ನಿರ್ಣಯಿಸಿತು. ನನ್ನ ಕೆಂಪು ಶಾಯಿಯ ತಪ್ಪಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. 2005ರಲ್ಲಿ ಪ್ರಶ್ನೆ ಕೇಳಲು ಹಣ ಪಡೆದ ಲೋಕಸಭೆಯ 10 ಮತ್ತು ರಾಜ್ಯಸಭೆಯ 1 ಸದಸ್ಯರನ್ನು ಹೊರಹಾಕಲಾಯಿತು. ಈ ಅಧಿಕಾರ ಸರಿ ಎಂದು 2007ರಲ್ಲಿ ರಾಜಾರಾಂ ಪಾಲ್ ಪ್ರಕರಣದ ತೀರ್ಪು ಬಂತು.

ಸದನದೊಳಗೆ ಓಟು ಮಾರಿಕೊಂಡರೆ? 1998ರ ನರಸಿಂಹರಾವ್ ತೀರ್ಪು ಒಂದು ವಿಚಿತ್ರ ಕೊಟ್ಟಿತ್ತು: ಹಣ ಪಡೆದು ಹೇಳಿದಂತೆ ಮತ ಹಾಕಿದವರಿಗೆ ರಕ್ಷಣೆ, ಹಣ ಪಡೆದೂ ಮತ ಹಾಕದವರಿಗೆ ಇಲ್ಲ. ಲಂಚದ ಮಾತಿಗೆ ನಿಯತ್ತಾಗಿದ್ದವರೇ ಪಾರು! 2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಸಂವಿಧಾನದ 105 ಮತ್ತು 194ನೇ ವಿಧಿಗಳು ಸಂಸದರಿಗೆ, ಶಾಸಕರಿಗೆ ಕೊಡುವ ವಿಶೇಷಾಧಿಕಾರ ಲಂಚಕ್ಕೆ ಅನ್ವಯಿಸದು. ಹಣ ಪಡೆದ ಕ್ಷಣದಲ್ಲೇ ಅಪರಾಧ ಪೂರ್ಣ.

ಕುರ್ಚಿ ಹೋಗುವುದು ಯಾವಾಗ

ಶಿಕ್ಷೆ 2 ವರ್ಷವಾದರೆ ಸ್ಥಾನ ಹೋಗುತ್ತದೆ ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದು ಬೇರೆ ಅಪರಾಧಗಳಿಗೆ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಬರೀ ದಂಡ ಬಿದ್ದರೂ 6 ವರ್ಷ ಅನರ್ಹತೆ. ಸೆರೆವಾಸವಾದರೆ ಬಿಡುಗಡೆಯ ನಂತರ ಇನ್ನೂ 6 ವರ್ಷ. ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುವ ದಾರಿಯನ್ನು 2013ರ ಲಿಲಿ ಥಾಮಸ್ ತೀರ್ಪು ಮುಚ್ಚಿತು. ಬೆಂಗಳೂರಿನ ವಿಶೇಷ ನ್ಯಾಯಾಲಯ 2014ರ ಸೆಪ್ಟೆಂಬರ್ 27ರಂದು ಅಕ್ರಮ ಆಸ್ತಿ ಪ್ರಕರಣದಲ್ಲಿ ಜಯಲಲಿತಾ ಅವರಿಗೆ 4 ವರ್ಷ ಸೆರೆ, 100 ಕೋಟಿ ದಂಡ ವಿಧಿಸಿದಾಗ ತಮಿಳುನಾಡಿನ ಮುಖ್ಯಮಂತ್ರಿ ಸ್ಥಾನ ಹೋಗಿದ್ದು ಹೀಗೆ. 2015ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು, ಅವರು ಮರಳಿ ಬಂದರು. 2017ರಲ್ಲಿ ಸುಪ್ರೀಂ ಕೋರ್ಟ್ ಸಹ ಆರೋಪಿಗಳ ಶಿಕ್ಷೆಯನ್ನು ಮರುಸ್ಥಾಪಿಸುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಇನ್ನು ಮತದಾರರ ಮನೆ. 1952ರಲ್ಲಿ ಸಾಗರ ಹೊಸನಗರದಿಂದ ಗೆದ್ದ ಶಾಂತವೇರಿ ಗೋಪಾಲಗೌಡರು ಜನರನ್ನು ಕೇಳಿದ್ದು "ಒಂದು ಓಟು, ಒಂದು ನೋಟು" ಎಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ನೋಟು ಮತದಾರನಿಂದ ಅಭ್ಯರ್ಥಿಗೆ ಹೋಗುತ್ತಿತ್ತು. ಅದೇ ನೋಟು ಉಲ್ಟಾ ದಿಕ್ಕಿನಲ್ಲಿ ಹೋದರೆ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ, ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟ್‌ಗೆ ತಕರಾರು ಅರ್ಜಿ.

ಕೊನೆಗೊಂದು ದಿನಾಂಕ, ಜೂನ್ 30. ಲೋಕಾಯುಕ್ತ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪ್ರತಿ ಶಾಸಕರೂ ಪ್ರತಿ ವರ್ಷ ಅಷ್ಟರೊಳಗೆ ತಮ್ಮ ಮತ್ತು ಕುಟುಂಬದ ಆಸ್ತಿ ವಿವರ ಲೋಕಾಯುಕ್ತಕ್ಕೆ ಕೊಡಬೇಕು. ಕೊಡದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಮಳೆಗಾಲದ ಯಾವುದೋ ಒಳಪುಟದಲ್ಲಿ, ಅಡಿಕೆ ಧಾರಣೆಯ ಆಸುಪಾಸು. ಮುಂದಿನ ಸಲ ಕಂಡರೆ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳಿ. ಬಸ್ಸಿನಲ್ಲಿ ಯಾರಾದರೂ ಕೇಳಿದಾಗ ಬೇಕಾಗುತ್ತದೆ.