ಪದ ಪರಿಚಯ: ಡಿಸೈನ್ ಥೀಸಿಸ್

‘ಎಂ.ಆರ್ಕ್ ಥೀಸಿಸ್‌ಗೆ ಮಡಿಕೇರಿ ಹತ್ತಿರ ಒಂದು ರೆಸಾರ್ಟ್ ಮಾಡ್ತಿದ್ದೇನೆ.’ ಎಂ.ಆರ್ಕ್, ಅಂದರೆ ವಾಸ್ತುಶಿಲ್ಪದ ಸ್ನಾತಕೋತ್ತರ ಕೋರ್ಸಿನ ವಿದ್ಯಾರ್ಥಿಗಳಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ರೆಸಾರ್ಟ್ ಎಂಬುದು ಕಟ್ಟಡದ ಬಗೆ, ಥೀಸಿಸ್ ಅಲ್ಲ. ಕಾಫಿ ಮ್ಯೂಸಿಯಂ ಕೂಡ ಅಷ್ಟೇ.

ಗೊಂದಲ ಶುರುವಾಗುವುದು ವಾಸ್ತುಶಿಲ್ಪದ ಪದವಿ ಕೋರ್ಸಾದ ಬಿ.ಆರ್ಕ್‌ನಲ್ಲಿ. ಆ ಐದು ವರ್ಷದ ಕೋರ್ಸಿನ ಕೊನೆಯ ಕೆಲಸಕ್ಕೂ ಇದೇ ಹೆಸರು. ಸೈಟ್, ಸ್ಟ್ರಕ್ಚರ್, ಸರ್ವಿಸ್ (ನೀರು, ವಿದ್ಯುತ್ತಿನಂಥ ವ್ಯವಸ್ಥೆ) ಸಮೇತ ಇಡೀ ಕಟ್ಟಡವನ್ನು ವಿದ್ಯಾರ್ಥಿ ಒಬ್ಬರೇ ನಿಭಾಯಿಸಬಲ್ಲರೇ ಎಂದು ಅಲ್ಲಿ ನೋಡುತ್ತಾರೆ. ಎರಡು ವರ್ಷದ ಎಂ.ಆರ್ಕ್‌ನಲ್ಲಿ ಅದನ್ನೇ ಮತ್ತೆ ತೋರಿಸುವುದರಲ್ಲಿ ಅರ್ಥವಿಲ್ಲ. ಇಲ್ಲಿ ವಾದವೊಂದನ್ನು ಮುಂದಿಡಬೇಕು. ಡ್ರಾಯಿಂಗ್ ಅದಕ್ಕೆ ಸಾಕ್ಷಿ. (ಡಿಸರ್ಟೇಶನ್ ಎಂಬ ಸಂಶೋಧನಾ ಪ್ರಬಂಧ ಬೇರೆ. ಅದು ಬರಹದಲ್ಲೇ ಮುಗಿಯುತ್ತದೆ.)

‘ಇಳಿಜಾರಿನಲ್ಲಿ ಸುಸ್ಥಿರ ವಸತಿ’ ವಾದವಲ್ಲ, ಬೇಡ ಎನ್ನುವವರು ಯಾರಿದ್ದಾರೆ? 2018ರ ಆಗಸ್ಟ್‌ನ ಭೂಕುಸಿತ ಕಂಡ ಕೊಡಗಿನಲ್ಲಿ ಪ್ರಶ್ನೆ ಹೀಗಿರಲಿ: ಗುಡ್ಡ ಕಡಿದು ಸಮತಟ್ಟು ಮಾಡದೆ ಅಷ್ಟೇ ಜಾಗದಲ್ಲಿ ಅಷ್ಟೇ ಮನೆ ಕೂರಿಸಬಹುದೇ? ಇದಕ್ಕೆ ‘ಆಗುವುದಿಲ್ಲ’ ಎಂಬ ಉತ್ತರವೂ ಬರಬಹುದು.

ಲೆಕ್ಕ ನೋಡಿ. 3 ಮೀಟರ್ ಅಡ್ಡಕ್ಕೆ 1 ಮೀಟರ್ ಇಳಿಯುವ ಜಾಗದಲ್ಲಿ 9 ಮೀಟರ್ ಅಗಲದ ಮನೆಗೆ ಪೂರ್ತಿ ಕಡಿದರೆ ಹಿಂದೆ 3 ಮೀಟರ್ ಎತ್ತರದ ಬರೆ (ಕಡಿದ ಮಣ್ಣಿನ ಗೋಡೆ) ನಿಲ್ಲುತ್ತದೆ. ಮನೆಯ ಉದ್ದದ ಪ್ರತಿ ಮೀಟರಿಗೆ ತೆಗೆಯುವ ಮಣ್ಣು 13.5 ಘನ ಮೀಟರ್. ಅದೇ ಮನೆಯನ್ನು 3 ಮೀಟರ್ ಅಗಲದ ಮೂರು ಹಂತ ಮಾಡಿದರೆ ಬರೆ ಒಂದೊಂದು ಮೀಟರ್, ಮಣ್ಣು 4.5. ಆದರೆ ಮನೆಯೊಳಗೆ ಎರಡು ಕಡೆ ಮೆಟ್ಟಿಲು ಬಂತು, ಮಂಡಿನೋವಿನ ಅಜ್ಜಿ ಏನು ಮಾಡಬೇಕು? ಪ್ರತಿ ತಡೆಗೋಡೆಯ ಹಿಂದೆ ನೀರು ಹೋಗಲು ದಾರಿಯೂ ಬೇಕು. ಎರಡೂ ಆಯ್ಕೆಗಳನ್ನು ಒಂದೇ ಸೈಟಿನ ಮೇಲೆ, ಮನೆ ಮತ್ತು ಗುಡ್ಡವನ್ನು ಉದ್ದಕ್ಕೆ ಸೀಳಿ ತೋರಿಸುವ 1:100 ಅಳತೆಯ ಸೆಕ್ಷನ್‌ಗಳಲ್ಲಿ ಅಕ್ಕಪಕ್ಕ ಇಟ್ಟು ಎಲ್ಲಿ ಲಾಭ, ಎಲ್ಲಿ ನಷ್ಟ ಎಂದು ತೋರಿಸಿದರೆ ಅದು ಥೀಸಿಸ್.

ಇನ್ನು ಕೊಡಗಿನ ಐನ್‌ಮನೆ. ರಿಸೆಪ್ಷನ್ ಜಗಲಿಗೆ ಕೆತ್ತನೆ ಕಂಬ, ಐಮರ (ಕಂಬಗಳ ನಡುವಿನ ಮರದ ಆಸನ) ಹಾಕಿ ‘ಸ್ಥಳೀಯ ಶೈಲಿ’ ಎನ್ನುವುದು ಬರೀ ಅಲಂಕಾರ. ಐನ್‌ಮನೆ ಒಂದು ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬಗಳ ಮೂಲಮನೆ, ಸುಗ್ಗಿ ಹಬ್ಬ ಪುತ್ತರಿಗೆ ಒಕ್ಕದವರೆಲ್ಲ ಸೇರುವ ಜಾಗ. ಒಕ್ಕ ಚದುರಿ ಬೆಂಗಳೂರು ಸೇರಿದ ಮೇಲೆ ವರ್ಷವಿಡೀ ಆ ಮನೆಯಲ್ಲಿ ಏನು ನಡೆಯಬೇಕು ಎಂದು ಕೇಳಿದರೆ ಥೀಸಿಸ್ ಹುಟ್ಟೀತು.

ಹೆಚ್ಚಿನವರು ಎಡವುವುದು ಕಾಂಟೂರ್‌ನಲ್ಲಿ, ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಲ್ಲಿ. ಉಪಗ್ರಹ ನಕ್ಷೆಯಿಂದ ಇಳಿಸಿಕೊಂಡ 10 ಮೀಟರ್ ಅಂತರದ ಗೆರೆಗಳ ನಡುವೆ ಮೇಲಿನ ಮನೆಯ 3 ಮೀಟರ್ ಇಳಿತ ಕಾಣುವುದೇ ಇಲ್ಲ. ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣದಿಂದ ಸರ್ವೆ ಮಾಡಿಸಿ, 1 ಮೀಟರ್ ಅಂತರದ ಕಾಂಟೂರ್ ತೆಗೆಸಿ. ಸೈಟನ್ನು ಮಳೆಗಾಲದಲ್ಲೇ ಒಮ್ಮೆ ನೋಡಿ ಬನ್ನಿ. ಫೆಬ್ರವರಿಯಲ್ಲಿ ಹೋದವರಿಗೆ ಜುಲೈಯ ಒರತೆ ಕಾಣಿಸುವುದಿಲ್ಲ.